ಲೋಹದೊಳಗೆ ಜಲಜನಕ: ಥಾಮಸ್ ಗ್ರಹಾಂ ಅವರ ಜೀವನ ಪರಿಚಯ (1805–1869)

ಜಲಜನಕವನ್ನು ಇಂಧನವಾಗಿ ಬಳಸುವ ವಿಷಯವು ಕೆಲವು ವರ್ಷಗಳಿಂದ ಹೆಚ್ಚಾಗಿ ಪ್ರಸ್ತಾಪವಾಗುತ್ತಿದೆ. ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನಕ್ಕೆ ಅನುಮೋದನೆ ನೀಡಿರುವುದು ಸಾರ್ವಜನಿಕರಿಗೆ ತಿಳಿದ ಸಂಗತಿಯಾಗಿರುತ್ತದೆ. ಈ ಅನಿಲವನ್ನು ಉತ್ಪಾದಿಸುವುದು ಎಷ್ಟು ಕಷ್ಟವೋ ಅದನ್ನು ಕೂಡಿಡುವುದೂ ಅಷ್ಟೇ ಕಷ್ಟ. ಒಂದು ಕಿಲೋಗ್ರಾಂ ಜಲಜನಕವು ಸಾಮಾನ್ಯ ಒತ್ತಡದಲ್ಲಿ 11ರಿಂದ 12 ಘನ ಮೀಟರ್ ಸ್ಥಳವನ್ನು ಆಕ್ರಮಿಸುತ್ತದೆ. ಅಂದರೆ ಒಂದು ಸಣ್ಣ ಕೋಣೆಯೇ ಬೇಕಾಗುತ್ತದೆ. ಇದನ್ನು ಅತಿ ಹೆಚ್ಚು ಒತ್ತಡದಲ್ಲಿ ಸಿಲಿಂಡರಿಗೆ ತುಂಬುವುದು ಒಂದು ಮಾರ್ಗ. ಶೂನ್ಯಕ್ಕಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪುಗೊಳಿಸಿ ದ್ರವವಾಗಿಸುವುದು ಎರಡನೆಯದು. ಯಾವುದಾದರೊಂದು ಲೋಹವು ಅದನ್ನು ತನ್ನೊಳಗೆ ಹೀರಿಕೊಳ್ಳುವಂತೆ ಮಾಡಿ, ಬೇಕಾದಾಗ ಬಿಸಿ ಮಾಡಿ ಹೊರಗೆ ಪಡೆಯುವುದು ಮೂರನೆಯ ಮಾರ್ಗವಾಗಿರುತ್ತದೆ.

ಈ ಮೂರನೆಯ ಮಾರ್ಗಕ್ಕೆ ಅಡಿಪಾಯ ಹಾಕಿದವರು ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ. ಈ ಕಾರ್ಯವನ್ನು ಕೈಗೊಂಡಾಗ ಅವರು ಯಾವುದೇ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿರಲಿಲ್ಲ. ನಾಣ್ಯ ಮುದ್ರಿಸುವ ಒಂದು ಸರ್ಕಾರಿ ಕಚೇರಿಯ ಮುಖ್ಯಸ್ಥರಾಗಿದ್ದರು. ಆಸಕ್ತ ನಾಗರಿಕರ ಮಾಹಿತಿಗಾಗಿ ಅವರ ಜೀವನದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗ್ರಹಾಂ ಅವರು 1805ರ ಡಿಸೆಂಬರ್ ತಿಂಗಳಿನಲ್ಲಿ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ಜೇಮ್ಸ್ ಗ್ರಹಾಂ ಬಟ್ಟೆ ಉದ್ಯಮದಲ್ಲಿದ್ದವರು, ಸ್ಥಿತಿವಂತರು. ಹಿರಿಯ ಮಗನು ಸ್ಕಾಟ್ಲೆಂಡಿನ ಚರ್ಚಿನಲ್ಲಿ ಧರ್ಮಬೋಧಕನಾಗಬೇಕೆಂಬುದು ಅವರ ದೃಢ ನಿಶ್ಚಯವಾಗಿತ್ತು. 1819ರಲ್ಲಿ, ಹದಿನಾಲ್ಕರ ಹರೆಯಕ್ಕೆ ಮುನ್ನವೇ, ಬಾಲಕ ಥಾಮಸ್ ಗ್ಲಾಸ್ಗೋ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದರು. ಅಲ್ಲಿ ರಸಾಯನ ಶಾಸ್ತ್ರವನ್ನು ಬೋಧಿಸುತ್ತಿದ್ದ ಥಾಮಸ್ ಥಾಮ್ಸನ್ ಅವರ ಪಾಠಗಳನ್ನು ಕೇಳಿದ ಮೇಲೆ ಅವರ ಮನಸ್ಸು ಧರ್ಮಶಾಸ್ತ್ರದ ಕಡೆಗೆ ತಿರುಗಲಿಲ್ಲ. ಮುಂದೆ ಎಡಿನ್‌ಬರೋ ನಗರಕ್ಕೆ ಹೋಗಿ ಅಲ್ಲಿನ ಪ್ರಾಧ್ಯಾಪಕ ಹೋಪ್ ಅವರ ಬಳಿ ಅಧ್ಯಯನ ಮುಂದುವರಿಸಿದರು.

ಇದರಿಂದ ತಂದೆ ಮತ್ತು ಮಗನ ನಡುವೆ ತೀವ್ರ ವಿರಸ ಉಂಟಾಯಿತು. ತಂದೆ ಹಣದ ಸಹಾಯವನ್ನು ನಿಲ್ಲಿಸಿಬಿಟ್ಟರು. ವ್ಯಾಪಾರಸ್ಥರಾದ ತಂದೆಯ ದೃಷ್ಟಿಯಿಂದ ನೋಡಿದರೆ ಅವರ ಆತಂಕಕ್ಕೆ ಕಾರಣವಿಲ್ಲದಿರಲಿಲ್ಲ. ಧರ್ಮಬೋಧಕನಿಗೆ ಖಚಿತವಾದ ವರಮಾನವಿತ್ತು, ಸಮಾಜದಲ್ಲಿ ಸ್ಥಾನವಿತ್ತು. ರಸಾಯನ ಶಾಸ್ತ್ರವನ್ನೇ ನಂಬಿ ಜೀವನ ಸಾಗಿಸಿದವರು ಆ ಕಾಲದಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ. ಯುವಕ ಗ್ರಹಾಂ ಖಾಸಗಿಯಾಗಿ ಪಾಠ ಹೇಳುತ್ತಾ, ಪತ್ರಿಕೆಗಳಿಗೆ ಬರೆಯುತ್ತಾ ದಿನ ಕಳೆಯಬೇಕಾಯಿತು. ಈ ಕಷ್ಟದ ವರ್ಷಗಳಲ್ಲಿ ತಾಯಿ ಮತ್ತು ಸೋದರಿ ಅವರ ಬೆಂಬಲಕ್ಕೆ ನಿಂತರು. ಬರವಣಿಗೆಯಿಂದ ಬಂದ ಮೊದಲ ಸಂಭಾವನೆಯನ್ನು ಅವರು ಈ ಇಬ್ಬರಿಗೆ ಉಡುಗೊರೆ ಕೊಳ್ಳಲು ವಿನಿಯೋಗಿಸಿದರು. 1830ರಲ್ಲಿ ಗ್ಲಾಸ್ಗೋದ ಆಂಡರ್ಸನ್ ಸಂಸ್ಥೆಯಲ್ಲಿ ಅವರಿಗೆ ರಸಾಯನ ಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ದೊರೆತಾಗ ತಾಯಿ ಮರಣಶಯ್ಯೆಯಲ್ಲಿದ್ದರು. ಮಗನ ನೇಮಕಾತಿಯ ಸುದ್ದಿಯನ್ನು ಕೇಳಿಯೇ ಕಣ್ಣು ಮುಚ್ಚಿದರು.

ಅನಿಲಗಳ ವೇಗ

ಗ್ರಹಾಂ ಅವರ ಹೆಸರು ಇಂದಿಗೂ ಪದವಿಪೂರ್ವ ತರಗತಿಯ ಪಠ್ಯಪುಸ್ತಕಗಳಲ್ಲಿ ಉಳಿದಿರುವುದು ಅನಿಲ ವಿಸರಣ ನಿಯಮದಿಂದ. ಬಿರುಕು ಬಿಟ್ಟ ಗಾಜಿನ ಪಾತ್ರೆಯಿಂದ ಜಲಜನಕವು ಹೊರಕ್ಕೆ ನುಸುಳುವುದನ್ನು ಜರ್ಮನಿಯ ಡೊಬೆರೈನರ್ 1823ರಲ್ಲಿ ಗಮನಿಸಿದ್ದರು. ಗ್ರಹಾಂ ಆ ಬಿರುಕಿನ ಬದಲು ಗಾಜಿನ ಕೊಳವೆಯ ಒಂದು ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಿರಡೆಯನ್ನು ಹಾಕಿ ಬೇರೆ ಬೇರೆ ಅನಿಲಗಳು ಎಷ್ಟು ವೇಗವಾಗಿ ಹೊರಹೋಗುತ್ತವೆ ಎಂಬುದನ್ನು ಅಳೆದರು. ಅನಿಲದ ವೇಗವು ಅದರ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ ಎಂಬುದು ಅವರು ಕಂಡುಕೊಂಡ ನಿಯಮ. ಆಮ್ಲಜನಕಕ್ಕಿಂತ ಹದಿನಾರನೇ ಒಂದು ಪಾಲು ತೂಗುವ ಜಲಜನಕವು ಅದಕ್ಕಿಂತ ನಾಲ್ಕು ಪಟ್ಟು ವೇಗವಾಗಿ ನುಸುಳುತ್ತದೆ. ಎಲ್ಲ ಅನಿಲಗಳಿಗಿಂತ ಹಗುರವಾದ, ಹಿಡಿದಿಡಲು ಕಷ್ಟವಾದ ಈ ಅನಿಲದೊಡನೆ ಗ್ರಹಾಂ ಅವರ ಸಂಬಂಧ ಹೀಗೆ ಆರಂಭವಾಗಿ ಕೊನೆಯವರೆಗೂ ಮುಂದುವರಿಯಿತು.

1833ರಲ್ಲಿ ಅವರು ಫಾಸ್ಫಾರಿಕ್ ಆಮ್ಲಗಳ ರಚನೆಯನ್ನು ವಿವರಿಸಿದರು. 1837ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕರಾದರು. 1841ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿ ಸ್ಥಾಪನೆಯಾದಾಗ ಅದರ ಪ್ರಥಮ ಅಧ್ಯಕ್ಷರಾಗಿ ಆಯ್ಕೆಯಾದರು. ವಾಗ್ಮಿಯಲ್ಲದಿದ್ದರೂ ಅವರ ಪಾಠ ನಿಖರವಾಗಿತ್ತು. ಆಂಡರ್ಸನ್ ಸಂಸ್ಥೆಯಲ್ಲಿ ಅವರ ಸಹಾಯಕರಾಗಿದ್ದ ಜೇಮ್ಸ್ ಯಂಗ್ ಮುಂದೆ ಕಲ್ಲಿದ್ದಲಿನಿಂದ ಪ್ಯಾರಫಿನ್ ತೈಲ ತೆಗೆದು ದೊಡ್ಡ ಉದ್ಯಮಿಯಾದರು. ಆಫ್ರಿಕಾ ಖಂಡದ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಕೂಡ ಅಲ್ಲಿ ಅವರ ಪಾಠಗಳನ್ನು ಕೇಳಿದವರೇ.

ಸರ್ಕಾರಿ ಕೆಲಸಗಳು

ಲಂಡನ್ನಿಗೆ ಬಂದ ನಂತರ ಸರ್ಕಾರದ ನಾನಾ ಇಲಾಖೆಗಳು ಗ್ರಹಾಂ ಅವರ ಸಲಹೆಯನ್ನು ಪಡೆಯತೊಡಗಿದವು. 1851ರಲ್ಲಿ ಮಿಲ್ಲರ್ ಮತ್ತು ಹಾಫ್‌ಮನ್ ಅವರೊಂದಿಗೆ ಲಂಡನ್ ನಗರಕ್ಕೆ ಸರಬರಾಜಾಗುವ ಕುಡಿಯುವ ನೀರಿನ ಗುಣಮಟ್ಟದ ಬಗ್ಗೆ ವರದಿ ಸಲ್ಲಿಸಿದರು. ಕಾಫಿಪುಡಿಯಲ್ಲಿ ಚಿಕೋರಿ ಮುಂತಾದವುಗಳ ಬೆರಕೆಯನ್ನು ಪತ್ತೆ ಹಚ್ಚುವ ವಿಧಾನಗಳ ಬಗ್ಗೆ ತೆರಿಗೆ ಇಲಾಖೆಗೆ ವರದಿ ನೀಡಿದವರಲ್ಲಿಯೂ ಅವರು ಒಬ್ಬರು. ಕೈಗಾರಿಕೆಗೆ ಬೇಕಾದ ಮದ್ಯಸಾರವನ್ನು ಸುಂಕವಿಲ್ಲದೆ ಒದಗಿಸಬೇಕು, ಆದರೆ ಅದನ್ನು ಯಾರೂ ಕುಡಿಯುವಂತಿರಬಾರದು ಎಂಬ ಪ್ರಶ್ನೆ ಎದ್ದಾಗ, ಮರದಿಂದ ತೆಗೆದ ನಾಫ್ತಾವನ್ನು ಬೆರೆಸುವ ಸಲಹೆಯನ್ನು ಗ್ರಹಾಂ ಮತ್ತು ಅವರ ಸಂಗಡಿಗರ ಸಮಿತಿ ಪರಿಶೀಲಿಸಿ ಅನುಮೋದಿಸಿತು. ಇಂದು ಮೆಥಿಲೇಟೆಡ್ ಸ್ಪಿರಿಟ್ ಎಂದು ಅಂಗಡಿಗಳಲ್ಲಿ ದೊರೆಯುವ ದ್ರವಕ್ಕೆ ಕಾನೂನಿನ ಮಾನ್ಯತೆ ದೊರೆತದ್ದು ಹೀಗೆ, 1855ರಲ್ಲಿ.

ಅದೇ ವರ್ಷ ಸರ್ ಜಾನ್ ಹರ್ಷೆಲ್ ಅವರು ಅನಾರೋಗ್ಯದ ಕಾರಣ ರಾಜಟಂಕಸಾಲೆಯ ಮಾಸ್ಟರ್ ಹುದ್ದೆಯಿಂದ ನಿವೃತ್ತರಾದರು. ಹಿಂದೆ ಐಸಾಕ್ ನ್ಯೂಟನ್ ಅವರು ನಿರ್ವಹಿಸಿದ್ದ ಈ ಹುದ್ದೆಗೆ ಗ್ರಹಾಂ ನೇಮಕಗೊಂಡರು. ಇದು ಗೌರವಾರ್ಥವಾದ ಹುದ್ದೆಯೆಂದು ಹಲವರು ಭಾವಿಸಿದ್ದಿರಬಹುದು. ಗ್ರಹಾಂ ಹಾಗೆ ಭಾವಿಸಲಿಲ್ಲ. ಲೋಹದ ತೂಕ, ಪರಿಶುದ್ಧತೆ, ಖರ್ಚುವೆಚ್ಚ ಎಲ್ಲವನ್ನೂ ಸ್ವತಃ ಪರಿಶೀಲಿಸತೊಡಗಿದರು. ವೆಚ್ಚ ತಗ್ಗಿಸುವ ಅವರ ಕ್ರಮಗಳಿಗೆ ಸಿಬ್ಬಂದಿಯಿಂದ ವಿರೋಧ ವ್ಯಕ್ತವಾಯಿತು. ಆರಂಭದ ಕೆಲವು ವರ್ಷಗಳ ಕಾಲ ಅವರ ಸಂಶೋಧನೆ ಬಹುಮಟ್ಟಿಗೆ ನಿಂತೇಹೋಗಿತ್ತು. ಐವತ್ತರ ವಯಸ್ಸಿನಲ್ಲಿ ಪ್ರಯೋಗಶಾಲೆಯನ್ನು ಬಿಟ್ಟು ಕಡತಗಳ ನಡುವೆ ಕುಳಿತ ವಿಜ್ಞಾನಿಯಿಂದ ಹೊಸದೇನನ್ನೂ ಯಾರೂ ನಿರೀಕ್ಷಿಸುವಂತಿರಲಿಲ್ಲ.

1860ರಲ್ಲಿ ಬ್ರಿಟನ್ ತನ್ನ ತಾಮ್ರದ ಚಿಲ್ಲರೆ ನಾಣ್ಯಗಳನ್ನು ಹಿಂತೆಗೆದು ಕಂಚಿನ ನಾಣ್ಯಗಳನ್ನು ಚಲಾವಣೆಗೆ ತಂದಿತು. ಇದರ ಹೊಣೆ ಗ್ರಹಾಂ ಅವರ ಮೇಲಿತ್ತು. ಹೊಸ ನಾಣ್ಯದಲ್ಲಿ ಶೇಕಡ 95 ತಾಮ್ರ, ಶೇಕಡ 4 ತವರ, ಶೇಕಡ 1 ಸತುವು ನಿಗದಿಯಾಗಿತ್ತು. ಶುದ್ಧ ತಾಮ್ರಕ್ಕಿಂತ ಈ ಮಿಶ್ರಣವು ಗಟ್ಟಿ, ಸವೆತ ಕಡಿಮೆ. ಆದ್ದರಿಂದ ನಾಣ್ಯವನ್ನು ತೆಳುವಾಗಿ, ಹಗುರವಾಗಿ ಮಾಡಬಹುದಾಗಿತ್ತು. ಒಂದು ಲೋಹಕ್ಕೆ ಇನ್ನೊಂದನ್ನು ನೂರಕ್ಕೆ ಒಂದೋ ಎರಡೋ ಪಾಲು ಸೇರಿಸಿದರೂ ಅದರ ಸ್ವಭಾವವೇ ಬದಲಾಗುತ್ತದೆ ಎಂಬುದು ಟಂಕಸಾಲೆಯವರಿಗೆ ಪ್ರತಿದಿನದ ಅನುಭವ. ಈ ಅನುಭವವು ಗ್ರಹಾಂ ಅವರ ಕೊನೆಯ ಪ್ರಯೋಗಗಳಲ್ಲಿ ಬೇರೆ ರೂಪದಲ್ಲಿ ಕಾಣಿಸಿಕೊಂಡಿತು.

ಸಂಶೋಧನೆ ಪುನಃ ಆರಂಭವಾದದ್ದು 1861ರಲ್ಲಿ. ಆ ವರ್ಷ ಅವರು ಚರ್ಮಕಾಗದದ ಪೊರೆಯ ಮೂಲಕ ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸುವ ವಿಧಾನವನ್ನು ಪ್ರಕಟಿಸಿ ಅದಕ್ಕೆ ಡಯಾಲಿಸಿಸ್ ಎಂದು ಹೆಸರಿಟ್ಟರು. ಮೂತ್ರದಿಂದ ಯೂರಿಯಾವನ್ನು ಇದೇ ರೀತಿ ಬೇರ್ಪಡಿಸಿ ತೋರಿಸಿದರು. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಮೂತ್ರಪಿಂಡ ವೈಫಲ್ಯದ ರೋಗಿಗಳಿಗೆ ನೀಡಲಾಗುವ ಚಿಕಿತ್ಸೆಯ ಹೆಸರು ಅವರೇ ಇಟ್ಟದ್ದು. ಆದರೆ ಮನುಷ್ಯರಿಗೆ ಪ್ರಯೋಜನವಾಗುವ ಯಂತ್ರವನ್ನು ವಿಲ್ಲೆಮ್ ಕಾಲ್ಫ್ ನೆದರ್‌ಲೆಂಡ್ಸಿನಲ್ಲಿ ನಿರ್ಮಿಸುವಷ್ಟರಲ್ಲಿ 1943 ಆಗಿತ್ತು. 1862ರಲ್ಲಿ ರಾಯಲ್ ಸೊಸೈಟಿಯು ಗ್ರಹಾಂ ಅವರಿಗೆ ತನ್ನ ಅತ್ಯುನ್ನತ ಗೌರವವಾದ ಕಾಪ್ಲೀ ಪದಕವನ್ನು ನೀಡಿತು.

ಪಲ್ಲಾಡಿಯಂ ತಂತಿ

ಕೆಂಪಗೆ ಕಾಯ್ದ ಪ್ಲಾಟಿನಂ ಮತ್ತು ಕಬ್ಬಿಣದ ಮೂಲಕ ಜಲಜನಕವು ತೂರಿಹೋಗುತ್ತದೆ ಎಂಬುದನ್ನು ಫ್ರಾನ್ಸಿನ ಡೆವಿಲ್ ಮತ್ತು ಟ್ರೂಸ್ಟ್ 1863ರಲ್ಲಿ ತೋರಿಸಿದ್ದರು. ತೂರಿಹೋಗುವ ಅನಿಲವು ಲೋಹದೊಳಗೆ ಉಳಿಯುವುದೂ ಉಂಟೇ ಎಂದು ಗ್ರಹಾಂ ಪರೀಕ್ಷಿಸಿದರು. ಒಂದೊಂದೇ ಲೋಹವನ್ನು ಜಲಜನಕದಲ್ಲಿ ಕಾಯಿಸಿ, ತಣಿಸಿ, ನಂತರ ನಿರ್ವಾತದಲ್ಲಿ ಮತ್ತೆ ಕಾಯಿಸಿ ಎಷ್ಟು ಅನಿಲ ಹೊರಬರುತ್ತದೆ ಎಂದು ಅಳೆದರು. ಜಮಾ ಎಷ್ಟು, ಖರ್ಚು ಎಷ್ಟು ಎಂದು ಲೆಕ್ಕಪುಸ್ತಕ ನೋಡುವ ಕ್ರಮವೇ ಇದು. ಬಹುತೇಕ ಲೋಹಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂತಹುದೇನೂ ಇರಲಿಲ್ಲ. ಪ್ಲಾಟಿನಂ ಗುಂಪಿಗೆ ಸೇರಿದ ಪಲ್ಲಾಡಿಯಂ ಮಾತ್ರ ತನ್ನ ಗಾತ್ರದ 643 ಪಟ್ಟು ಜಲಜನಕವನ್ನು ಹಿಡಿದುಕೊಂಡಿತ್ತು. 1866ರಲ್ಲಿ ಪ್ರಕಟವಾದ ಈ ಫಲಿತಾಂಶವೇ ಲೋಹದಲ್ಲಿ ಜಲಜನಕದ ದಾಸ್ತಾನಿಗೆ ಮೊದಲ ದಾಖಲೆ.

1867ರಲ್ಲಿ ಅವರು ಇದೇ ವಿಧಾನವನ್ನು ಲೆನಾರ್ಟೋ ಎಂಬಲ್ಲಿ ಬಿದ್ದಿದ್ದ ಕಬ್ಬಿಣದ ಉಲ್ಕೆಯ ಮೇಲೆ ಪ್ರಯೋಗಿಸಿದರು. ಅದರಿಂದ ಉಲ್ಕೆಯ ಗಾತ್ರದ ಸುಮಾರು ಮೂರು ಪಟ್ಟು ಅನಿಲ ಹೊರಬಂತು. ಅದರಲ್ಲಿ ಬಹುಪಾಲು ಜಲಜನಕವೇ ಇತ್ತು.

ಮುಂದಿನ ಹಂತದಲ್ಲಿ ಶಾಖದ ಬದಲು ವಿದ್ಯುತ್ತನ್ನು ಬಳಸಲಾಯಿತು. ಆಮ್ಲ ಬೆರೆಸಿದ ನೀರಿನಲ್ಲಿ ಪಲ್ಲಾಡಿಯಂ ತಂತಿಯನ್ನು ಬ್ಯಾಟರಿಯ ಋಣ ಧ್ರುವಕ್ಕೆ ಜೋಡಿಸಿದಾಗ ಅಲ್ಲಿ ಹುಟ್ಟುವ ಜಲಜನಕವು ಗುಳ್ಳೆಯಾಗಿ ಏಳುವ ಬದಲು ತಂತಿಯೊಳಕ್ಕೇ ಇಳಿಯಿತು. ಈ ಸಲ ತಂತಿಯು ತನ್ನ ಗಾತ್ರದ 900 ಪಟ್ಟಿಗೂ ಮಿಕ್ಕಿ ಜಲಜನಕವನ್ನು ಹೀರಿಕೊಂಡಿತು. ಸುಮಾರು 609 ಮಿಲಿಮೀಟರ್ ಉದ್ದದ ತಂತಿಯು ಹತ್ತಿರಹತ್ತಿರ 10 ಮಿಲಿಮೀಟರ್ ಬೆಳೆಯಿತು. ಅಳತೆಯ ಪಾತ್ರೆಯ ತುಂಬ ಇರುವ ರಾಗಿಗೆ ನೀರು ಸುರಿದರೆ ಅದು ಕಾಳುಗಳ ಸಂದಿನಲ್ಲಿ ಸೇರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಕಾಳುಗಳೂ ಉಬ್ಬುತ್ತವೆ. ಲೋಹದಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಅನಿಲದ ಅಣುವು ಲೋಹದ ಮೇಲ್ಮೈಯಲ್ಲಿ ಎರಡು ಪರಮಾಣುಗಳಾಗಿ ಒಡೆದು, ಲೋಹದ ಪರಮಾಣುಗಳ ನಡುವಿನ ಸಂದುಗಳಲ್ಲಿ ನೆಲೆಸುತ್ತದೆ ಎಂಬುದು ಈಗ ತಿಳಿದಿದೆ. ಗ್ರಹಾಂ ಅವರ ಕಾಲದಲ್ಲಿ ಇದು ತಿಳಿದಿರಲಿಲ್ಲ. ಜಲಜನಕವು ಒಂದು ಲೋಹದ ಆವಿಯೇ ಇರಬೇಕು, ಪಲ್ಲಾಡಿಯಂ ಜೊತೆ ಸೇರಿ ಅದು ಮಿಶ್ರಲೋಹವಾಗಿದೆ ಎಂದು ಅವರು ಭಾವಿಸಿ, ಆ ಲೋಹಕ್ಕೆ ಹೈಡ್ರೋಜಿನಿಯಂ ಎಂದು ಹೆಸರಿಟ್ಟರು. ಆ ಹೆಸರು ಉಳಿಯಲಿಲ್ಲ. ಅವರ ಅಳತೆಗಳು ಮಾತ್ರ ಉಳಿದವು.

ಈ ಅಳತೆಗಳಲ್ಲಿ ಒಂದು ತೊಡಕು ಎದುರಾಯಿತು. ತಂತಿಯನ್ನು ಕಾಯಿಸಿ ಜಲಜನಕವನ್ನು ಹೊರಹಾಕಿದಾಗ ಅದು ಮೊದಲಿನ ಉದ್ದಕ್ಕೆ ಮರಳಲಿಲ್ಲ. ಮೊದಲಿಗಿಂತ ಸುಮಾರು 10 ಮಿಲಿಮೀಟರ್ ಗಿಡ್ಡವಾಯಿತು. ತುಂಬಿ ಖಾಲಿ ಮಾಡುವ ಕ್ರಿಯೆಯು ಲೋಹವನ್ನೇ ಕೆಡಿಸುತ್ತಿತ್ತು. ಒಳಗಿಟ್ಟ ಸರಕು ಪೂರ್ತಿ ಹಿಂದಕ್ಕೆ ಬಂದರೂ ಪ್ರತಿ ಸಲವೂ ಗೋದಾಮಿನ ಗೋಡೆ ಕುಸಿಯುವುದಾದರೆ ಅದನ್ನು ಉಗ್ರಾಣವೆಂದು ಕರೆಯುವುದು ಕಷ್ಟ.

1869ರಲ್ಲಿ ಗ್ರಹಾಂ ಪಲ್ಲಾಡಿಯಂ ಲೋಹಕ್ಕೆ ಬೆಳ್ಳಿ, ಚಿನ್ನ ಮತ್ತು ಪ್ಲಾಟಿನಂಗಳನ್ನು ಬೇರೆ ಬೇರೆಯಾಗಿ ಬೆರೆಸಿ ಎಳೆದ ತಂತಿಗಳನ್ನು ಪರೀಕ್ಷೆಗೆ ತೆಗೆದುಕೊಂಡರು. ಅವರ ಉದ್ದೇಶವಿದ್ದದ್ದು ಹೈಡ್ರೋಜಿನಿಯಂ ಸಾಂದ್ರತೆಯನ್ನು ಸರಿಯಾಗಿ ಲೆಕ್ಕ ಹಾಕುವುದು. ಆದರೆ ದೊರೆತ ಫಲ ಅದಕ್ಕಿಂತ ಮುಖ್ಯವಾಗಿತ್ತು. ಈ ಮಿಶ್ರಲೋಹದ ತಂತಿಗಳೂ ಜಲಜನಕವನ್ನು ಹೀರಿ ಉದ್ದವಾದವು. ಅನಿಲವನ್ನು ಹೊರಹಾಕಿದಾಗ ತಮ್ಮ ಮೂಲ ಅಳತೆಗೇ ಮರಳಿದವು. ಶುದ್ಧ ಲೋಹಕ್ಕೆ ಇನ್ನೊಂದನ್ನು ಬೆರೆಸುವುದರಿಂದ ಜಲಜನಕದ ಹೋಗುಬರುವಿಕೆಯನ್ನು ಪಳಗಿಸಬಹುದು ಎಂಬುದಕ್ಕೆ ಇದೇ ಮೊದಲ ಸಾಕ್ಷ್ಯ. ಇಂದಿಗೂ ಅತಿ ಶುದ್ಧ ಜಲಜನಕವನ್ನು ಪಡೆಯಲು ಪಲ್ಲಾಡಿಯಂಗೆ ಸುಮಾರು ಕಾಲು ಭಾಗ ಬೆಳ್ಳಿ ಬೆರೆಸಿದ ಪೊರೆಗಳನ್ನೇ ಬಳಸಲಾಗುತ್ತದೆ.

ಅದೇ ವರ್ಷ ಜಲಜನಕ ತುಂಬಿದ ಪಲ್ಲಾಡಿಯಂನಿಂದ ಕೆಲವು ಪುಟ್ಟ ಪದಕಗಳನ್ನು ಟಂಕಸಾಲೆಯಲ್ಲಿ ಮುದ್ರಿಸಿ ಗ್ರಹಾಂ ಸ್ನೇಹಿತರಿಗೆ ಹಂಚಿದರು. ಒಂದು ಮುಖದಲ್ಲಿ ರಾಣಿ ವಿಕ್ಟೋರಿಯಾ ಅವರ ಚಿತ್ರ, ಇನ್ನೊಂದರಲ್ಲಿ ಆ ಎರಡು ಧಾತುಗಳ ಹೆಸರು ಮತ್ತು ಇಸವಿ ಇದ್ದವು. ಜೀವನದುದ್ದಕ್ಕೂ ಆಡಂಬರವಿಲ್ಲದೆ, ಅವಿವಾಹಿತರಾಗಿ ಬಾಳಿದ ಈ ಅಧಿಕಾರಿಯು ತೋರಿದ ಏಕಮಾತ್ರ ವಿನೋದವೆಂದು ಇದನ್ನು ಹೇಳಬಹುದೇನೋ.

1869ರ ಸೆಪ್ಟೆಂಬರ್ ತಿಂಗಳಿನಲ್ಲಿ ಗ್ರಹಾಂ ಅವರು ಲಂಡನ್ನಿನ ತಮ್ಮ ಮನೆಯಲ್ಲಿ ನಿಧನ ಹೊಂದಿದರು. ಪಾರ್ಥಿವ ಶರೀರವನ್ನು ಗ್ಲಾಸ್ಗೋಗೆ ಕೊಂಡೊಯ್ದು ಅಲ್ಲಿನ ಕ್ಯಾಥೆಡ್ರಲ್‌ನಲ್ಲಿ ಸಮಾಧಿ ಮಾಡಲಾಯಿತು. ಅವರ ನಂತರ ಟಂಕಸಾಲೆಯ ಮಾಸ್ಟರ್ ಹುದ್ದೆಗೆ ಪ್ರತ್ಯೇಕವಾಗಿ ಯಾರನ್ನೂ ನೇಮಿಸದೆ 1870ರಲ್ಲಿ ಅದನ್ನು ಹಣಕಾಸು ಸಚಿವರ ಹುದ್ದೆಯೊಂದಿಗೆ ವಿಲೀನಗೊಳಿಸಲಾಯಿತು. ಕೊನೆಯ ವರ್ಷಗಳ ಪ್ರಯೋಗಗಳಲ್ಲಿ ಅವರಿಗೆ ನೆರವಾಗಿದ್ದ ಯುವ ಸಹಾಯಕ ರಾಬರ್ಟ್ಸ್ ಮುಂದೆ ರಾಬರ್ಟ್ಸ್-ಆಸ್ಟೆನ್ ಎಂದು ಪ್ರಸಿದ್ಧರಾದರು. ಉಕ್ಕಿನ ಒಂದು ರೂಪಕ್ಕೆ ಆಸ್ಟೆನೈಟ್ ಎಂಬ ಹೆಸರು ಬಂದಿರುವುದು ಇವರಿಂದ. ಶಿಷ್ಯ ಜೇಮ್ಸ್ ಯಂಗ್ ತಮ್ಮ ಗುರುವಿನ ಕಂಚಿನ ಪ್ರತಿಮೆಯನ್ನು ಮಾಡಿಸಿಕೊಟ್ಟರು. 1872ರಿಂದ ಅದು ಗ್ಲಾಸ್ಗೋದ ಜಾರ್ಜ್ ಚೌಕದಲ್ಲಿ ಸ್ಥಾಪಿತವಾಯಿತು.

ನಂತರದ ಬೆಳವಣಿಗೆ

ಗ್ರಹಾಂ ಅವರ ಪ್ರಯೋಗವು ಸುಮಾರು ನೂರು ವರ್ಷಗಳ ಕಾಲ ಪುಸ್ತಕಗಳಲ್ಲಿಯೇ ಉಳಿಯಿತು. ಇದಕ್ಕೆ ಮುಖ್ಯ ಕಾರಣ ಬೆಲೆ. ಪಲ್ಲಾಡಿಯಂ ಅಮೂಲ್ಯ ಲೋಹ. ಮೇಲಾಗಿ 100 ಗ್ರಾಂ ಪಲ್ಲಾಡಿಯಂ ಹಿಡಿಯುವ ಜಲಜನಕದ ತೂಕ ಒಂದು ಗ್ರಾಂ ಕೂಡ ಆಗುವುದಿಲ್ಲ. ಗಾತ್ರದಲ್ಲಿ 900 ಪಟ್ಟು ಎಂಬುದು ಕೇಳಲು ದೊಡ್ಡ ಸಂಖ್ಯೆಯಾದರೂ ತಕ್ಕಡಿಯಲ್ಲಿಟ್ಟು ನೋಡಿದರೆ ಲೆಕ್ಕ ಬೇರೆಯಾಗುತ್ತದೆ.

1960ರ ದಶಕದ ಕೊನೆಯಲ್ಲಿ ಎರಡು ಕಡೆಗಳಲ್ಲಿ ಅಗ್ಗದ ಪರ್ಯಾಯಗಳು ದೊರೆಯತೊಡಗಿದವು. ನೆದರ್‌ಲೆಂಡ್ಸಿನ ಫಿಲಿಪ್ಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಲ್ಯಾಂಥನಂ ಮತ್ತು ನಿಕಲ್ ಲೋಹಗಳನ್ನು ಒಂದಕ್ಕೆ ಐದರಂತೆ ಸೇರಿಸಿದ ಮಿಶ್ರಲೋಹವು ಸಾಮಾನ್ಯ ಉಷ್ಣತೆಯಲ್ಲಿಯೇ ಜಲಜನಕವನ್ನು ಹೀರಿ ಬಿಡುವುದು ಕಂಡುಬಂತು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ರೈಲಿ ಮತ್ತು ವಿಸ್ವಾಲ್ ಅವರು ಮೆಗ್ನೀಸಿಯಂ–ನಿಕಲ್ ಹಾಗೂ ನಂತರ ಟೈಟಾನಿಯಂ–ಕಬ್ಬಿಣದ ಮಿಶ್ರಲೋಹಗಳನ್ನು ಪರೀಕ್ಷಿಸಿದರು. ಲ್ಯಾಂಥನಂ, ಟೈಟಾನಿಯಂನಂತಹ ಲೋಹಗಳು ಜಲಜನಕವನ್ನು ಬಿಗಿಯಾಗಿ ಹಿಡಿಯುತ್ತವೆ, ಸುಲಭವಾಗಿ ಬಿಡುವುದಿಲ್ಲ. ನಿಕಲ್, ಕಬ್ಬಿಣದಂತಹವು ಹಿಡಿಯುವುದೇ ಇಲ್ಲವೆನ್ನಬಹುದು. ಇವೆರಡನ್ನೂ ಸೇರಿಸಿದಾಗ ಹಿಡಿತವು ಹದಕ್ಕೆ ಬರುತ್ತದೆ. ಹೀರುವಾಗ ಶಾಖ ಹೊರಬೀಳುತ್ತದೆ, ಬಿಡಿಸಲು ಶಾಖ ಕೊಡಬೇಕಾಗುತ್ತದೆ. ಶಾಖ ಕೊಡದಿದ್ದರೆ ಅನಿಲ ಒಮ್ಮೆಲೇ ನುಗ್ಗಿ ಬರುವುದಿಲ್ಲವಾದ್ದರಿಂದ ಈ ವಿಧಾನವು ಹೆಚ್ಚು ಸುರಕ್ಷಿತ.

ಲ್ಯಾಂಥನಂ–ನಿಕಲ್ ಮಿಶ್ರಲೋಹದಲ್ಲಿ ಜಲಜನಕವು ದ್ರವರೂಪದ ಜಲಜನಕಕ್ಕಿಂತಲೂ ಒತ್ತಾಗಿ ಕುಳಿತಿರುತ್ತದೆ. ಆದರೆ ತೂಕದಲ್ಲಿ ಅದು ಶೇಕಡ 1.4ರಷ್ಟು ಮಾತ್ರ, 5 ಕಿಲೋಗ್ರಾಂ ಜಲಜನಕಕ್ಕೆ 350 ಕಿಲೋಗ್ರಾಂಗೂ ಹೆಚ್ಚು ಮಿಶ್ರಲೋಹ ಬೇಕು. ಗ್ರಹಾಂ ಅವರ ತಂತಿಗೆ ಒದಗಿದ ತೊಂದರೆಯೂ ಇಲ್ಲಿ ಮರಳಿ ಬಂತು: ಈ ಲೋಹವು ಹೀರುವಾಗ ಗಾತ್ರದಲ್ಲಿ ಸುಮಾರು ಕಾಲು ಭಾಗ ಉಬ್ಬಿ, ಕೆಲವೇ ಆವರ್ತಗಳಲ್ಲಿ ಪುಡಿಯಾಗುತ್ತದೆ. ಪರಿಹಾರವೂ ಹಳೆಯದೇ. ನಿಕಲ್‌ನ ಒಂದು ಭಾಗವನ್ನು ತೆಗೆದು ಕೋಬಾಲ್ಟ್, ಮ್ಯಾಂಗನೀಸ್, ಅಲ್ಯೂಮಿನಿಯಂ ಸೇರಿಸಲಾಯಿತು. ದುಬಾರಿ ಶುದ್ಧ ಲ್ಯಾಂಥನಂ ಬದಲು ಬೇರ್ಪಡಿಸದ ವಿರಳ ಲೋಹಗಳ ಮಿಶ್ರಣವನ್ನೇ ಬಳಸಲಾಯಿತು. ಅಂಗಡಿಗಳಲ್ಲಿ ದೊರೆಯುವ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್–ಮೆಟಲ್ ಹೈಡ್ರೈಡ್ ಸೆಲ್‌ಗಳ ಒಳಗಿರುವುದು ಇಂತಹ ಮಿಶ್ರಲೋಹ. 1997ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಟೊಯೋಟಾ ಪ್ರಿಯಸ್ ಕಾರಿಗೂ ಈ ಬಗೆಯ ಬ್ಯಾಟರಿಯನ್ನೇ ಅಳವಡಿಸಲಾಗಿತ್ತು. ಜರ್ಮನಿಯ 212 ಮಾದರಿಯ ಜಲಾಂತರ್ಗಾಮಿ ನೌಕೆಗಳಲ್ಲಿ ಜಲಜನಕವನ್ನು ಲೋಹ ತುಂಬಿದ ಸಿಲಿಂಡರುಗಳಲ್ಲಿಯೇ ಇಡಲಾಗುತ್ತದೆ. ನೀರಿನಡಿ ಮುಳುಗಬೇಕಾದ ನೌಕೆಗೆ ತೂಕವು ಕಾರಿಗೆ ಹೊರೆಯಾಗುವಷ್ಟು ಹೊರೆಯಾಗುವುದಿಲ್ಲ. ರಸ್ತೆಯ ಮೇಲೆ ಓಡುವ ಜಲಜನಕದ ಕಾರುಗಳು ಇದೇ ಕಾರಣಕ್ಕೆ ಹೆಚ್ಚು ಒತ್ತಡದ ಟ್ಯಾಂಕುಗಳನ್ನು ಬಳಸುತ್ತವೆ.

2004ರಲ್ಲಿ ತೈವಾನಿನ ಯೇ ಮತ್ತು ಬ್ರಿಟನ್ನಿನ ಕ್ಯಾಂಟರ್ ಅವರು ಬೇರೆ ಬೇರೆಯಾಗಿ ಇನ್ನೊಂದು ಹಾದಿಯನ್ನು ತೆರೆದರು. ಒಂದು ಮುಖ್ಯ ಲೋಹ, ಉಳಿದವು ಚಿಟಿಕೆ ಎಂಬ ಹಳೆಯ ಕ್ರಮವನ್ನು ಬಿಟ್ಟು ಐದು ಅಥವಾ ಹೆಚ್ಚು ಲೋಹಗಳನ್ನು ಸರಿಸುಮಾರು ಸಮ ಪ್ರಮಾಣದಲ್ಲಿ ಬೆರೆಸುವುದು ಈ ಹಾದಿ. 2016ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯದ ಸಾಲ್ಬರ್ಗ್ ಮತ್ತು ಸಂಗಡಿಗರು ಟೈಟಾನಿಯಂ, ವೆನೇಡಿಯಂ, ಜಿರ್ಕೋನಿಯಂ, ನಿಯೋಬಿಯಂ, ಹ್ಯಾಫ್ನಿಯಂಗಳ ಇಂತಹ ಮಿಶ್ರಲೋಹವು ಪ್ರತಿ ಲೋಹದ ಪರಮಾಣುವಿಗೆ 2.5 ಜಲಜನಕ ಪರಮಾಣುಗಳನ್ನು ಹಿಡಿಯಬಲ್ಲದೆಂದು ವರದಿ ಮಾಡಿದರು. ಈ ಲೋಹಗಳನ್ನು ಬಿಡಿಬಿಡಿಯಾಗಿ ತೆಗೆದುಕೊಂಡರೆ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಗಾತ್ರದಲ್ಲಿ ಒಂದಕ್ಕೊಂದು ಹೊಂದದ ಪರಮಾಣುಗಳು ಅಕ್ಕಪಕ್ಕ ಕುಳಿತು ಚೌಕಟ್ಟನ್ನು ಸಡಿಲಿಸುವುದರಿಂದ, ಬೇರೆ ಲೋಹಗಳಲ್ಲಿ ಖಾಲಿ ಉಳಿಯುವ ಸಂದುಗಳೂ ಇಲ್ಲಿ ಬಳಕೆಗೆ ಬರುತ್ತವೆ ಎಂಬುದು ಸಂಶೋಧಕರ ವಿವರಣೆ. ಹ್ಯಾಫ್ನಿಯಂ ಭಾರವಾದ, ದುಬಾರಿಯಾದ ಲೋಹ. ಹೀರಿದ ಅನಿಲವನ್ನು ಬಿಡಿಸಲು ನೂರಾರು ಡಿಗ್ರಿ ಶಾಖ ಬೇಕು. ಆದ್ದರಿಂದ ಯಾವ ಲೋಹವನ್ನು ಬಿಟ್ಟು ಯಾವುದನ್ನು, ಎಷ್ಟು ಪಾಲು ಸೇರಿಸಿದರೆ ಹಗುರವಾದ, ಅಗ್ಗವಾದ, ಸಾವಿರಾರು ಸಲ ತುಂಬಿ ತೆಗೆದರೂ ಮೂಲ ಅಳತೆಗೇ ಮರಳುವ ಮಿಶ್ರಲೋಹ ದೊರೆಯುತ್ತದೆ ಎಂಬುದರ ಪರೀಕ್ಷೆಗಳು ಹಲವು ದೇಶಗಳ ಪ್ರಯೋಗಶಾಲೆಗಳಲ್ಲಿ ಮುಂದುವರಿದಿವೆ.